ಪಕ್ಕವಾದ್ಯದ ಧಣಿ

1935ರಿಂದ ಸುಮಾರು ಇಪ್ಪತ್ತು ವರ್ಷ ಅಮೆರಿಕದ ಜಾಝ್ ತಂಡಗಳಿಗೆ ಬ್ರಿಟನ್ನಿನ ಬಾಗಿಲು ಹೆಚ್ಚೂಕಡಿಮೆ ಮುಚ್ಚಿತ್ತು. ನಮ್ಮ ವಾದಕರನ್ನು ನೀವು ಒಳಗೆ ಬಿಡದಿದ್ದರೆ ನಿಮ್ಮವರನ್ನು ನಾವೂ ಬಿಡೆವು ಎಂದು ಎರಡೂ ದೇಶದ ವಾದಕರ ಸಂಘಗಳು ಪಟ್ಟು ಹಿಡಿದಿದ್ದವು. ಹಾಗಾಗಿ ಅಲ್ಲಿನ ಒಂದು ಇಡೀ ತಲೆಮಾರು ಜಾಝ್ ಕಲಿತದ್ದು ಬಹುಮಟ್ಟಿಗೆ ಗ್ರಾಮಾಫೋನ್ ತಟ್ಟೆಗಳಿಂದ. ಎಲ್ಲರೂ ಏಕಲವ್ಯರೇ.

ಅವರಲ್ಲೊಬ್ಬ ಅಲೆಕ್ಸ್ ವೆಲ್ಶ್. ಹೆಸರಿನ ಅರ್ಥ 'ವೇಲ್ಸ್‌ನವನು', ಆಸಾಮಿ ಮಾತ್ರ ಅಪ್ಪಟ ಸ್ಕಾಟಿಷ್. 1929ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ. ಸಿಲ್ವರ್ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತ ಬೆಳೆದ. ಕಾರ್ನೆಟ್ ಎಂದರೆ ಟ್ರಂಪೆಟ್ಟಿನ ತಮ್ಮನಂಥ ವಾದ್ಯ. ನಾದ ತುಸು ಮೃದು. 1950ರ ದಶಕದ ಆರಂಭದಲ್ಲಿ ಲಂಡನ್ನಿಗೆ ಬಂದು, 1954ರಲ್ಲಿ ಸ್ವಂತ ತಂಡ ಕಟ್ಟಿದ. ಷಿಕಾಗೋ ಶೈಲಿಯ ಬಿರುಸು ಅವನಿಗೆ ಪ್ರಿಯ.

1957ರಲ್ಲಿ ಅಮೆರಿಕದ ಟ್ರೊಂಬೋನ್ ದಿಗ್ಗಜ ಜ್ಯಾಕ್ ಟೀಗಾರ್ಡನ್ ತನ್ನ ತಂಡಕ್ಕೆ ಬಾ ಎಂದು ಕರೆದ. ತಟ್ಟೆ ಕೇಳಿ ಕಲಿತವನನ್ನು ಆ ತಟ್ಟೆಯೊಳಗಿನ ಗುರುವೇ ಕರೆದಂತೆ. ವೆಲ್ಶ್ ಒಲ್ಲೆನೆಂದ. ಬ್ರಿಟಿಷ್ ಜಾಝ್ ಕುರಿತ ಬರಹಗಳು ಈ ಸಂಗತಿಯನ್ನು ಕೈತಪ್ಪಿದ ಅವಕಾಶವೆಂಬ ದನಿಯಲ್ಲಿ ಹೇಳಿ ಮುಂದೆ ಹೋಗುವುದುಂಟು. ಅವನ ದೊಡ್ಡ ಕೆಲಸ ಶುರುವಾದದ್ದೇ ಆಮೇಲೆ ಎಂಬುದು ನನ್ನ ವಾದ.

ಅಷ್ಟು ಹೊತ್ತಿಗೆ ಬಾಗಿಲು ತೆರೆದಿತ್ತು. 1960ರ ದಶಕದಲ್ಲಿ ಅಮೆರಿಕದ ಹಿರಿಯರು ಹಲವರು ತಂಡವಿಲ್ಲದೆ ಒಬ್ಬೊಬ್ಬರಾಗಿ ಬರತೊಡಗಿದರು. ಅವರ ಬೆನ್ನಿಗೆ ನುಡಿಸುವವರು ಇಲ್ಲೇ ಸಿಗಬೇಕಿತ್ತು. ಪಿಯಾನೋದ ಅರ್ಲ್ ಹೈನ್ಸ್, ಸ್ಯಾಕ್ಸೋಫೋನಿನ ಬಡ್ ಫ್ರೀಮನ್, ಕ್ಲಾರಿನೆಟ್ಟಿನ ಪೀ ವೀ ರಸಲ್ ಇವರೆಲ್ಲ ವೆಲ್ಶ್ ತಂಡದ ಜೊತೆ ನುಡಿಸಿದರು. ನಮ್ಮ ಕಛೇರಿ ಕೇಳುವವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಪರವೂರಿನ ವಿದ್ವಾಂಸರು ಮುಂದೇನು ಮಾಡುತ್ತಾರೋ ತಿಳಿಯದೆ ನೆರಳಿನಂತೆ ಹಿಂಬಾಲಿಸುವುದು, ತಾಳ ಬಿಡದಿರುವುದು, ಮೇಲೂ ಬೀಳದಿರುವುದು. ವೆಲ್ಶ್ ಪಾಲಿಗೆ ಇನ್ನೂ ಒಂದು ತೊಡಕಿತ್ತು: ರೆಡ್ ಅಲೆನ್, ವೈಲ್ಡ್ ಬಿಲ್ ಡೇವಿಸನ್, ರೂಬಿ ಬ್ರಾಫ್ ಮೂವರೂ ಅವನದೇ ವಾದ್ಯದವರು! ಪಿಟೀಲು ವಿದ್ವಾಂಸರೊಬ್ಬರು ತಮ್ಮ ವೇದಿಕೆಗೆ ಇನ್ನೊಬ್ಬ ಪಿಟೀಲುಗಾರರನ್ನು ಕರೆದು ನಡುವೆ ಕೂರಿಸಿದಂತೆ. ಅಹಂಕಾರ ಇದ್ದವರಿಗೆ ಇದು ಆಗುವ ಮಾತಲ್ಲ.

ಇದೇ ಕಾಲದಲ್ಲಿ ಬೀಟಲ್ಸ್ ಅಲೆ ಎದ್ದು ಸಾಂಪ್ರದಾಯಿಕ ಜಾಝ್‌ನ ಮಾರುಕಟ್ಟೆ ಕುಸಿದಿತ್ತು. ವೆಲ್ಶ್ ಟ್ರೊಂಬೋನಿಗೆ ರಾಯ್ ವಿಲಿಯಮ್ಸ್, ಸ್ಯಾಕ್ಸೋಫೋನಿಗೆ ಜಾನ್ ಬಾರ್ನ್ಸ್, ಗಿಟಾರಿಗೆ ಜಿಮ್ ಡಗ್ಲಸ್ ಇವರನ್ನು ಸೇರಿಸಿಕೊಂಡು ತಂಡದ ನುಡಿಕಾರವನ್ನೇ ಹಿಗ್ಗಿಸಿದ. ಹಳೆಯ ಡಿಕ್ಸಿಲ್ಯಾಂಡ್ ಚೌಕಟ್ಟಿನೊಳಗೆ ಸ್ವಿಂಗ್ ಧಾರಾಳವಾಗಿ ಬಂದಿತು. ಫ್ರೆಡ್ ಹಂಟ್ ಪಿಯಾನೋದಲ್ಲಿ, ಲೆನ್ನಿ ಹೇಸ್ಟಿಂಗ್ಸ್ ಡ್ರಮ್ಸ್‌ನಲ್ಲಿ ಮೊದಲಿಂದಲೂ ಇದ್ದವರು. 1968ರಲ್ಲಿ ತಂಡಕ್ಕೆ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಿಂದಲೇ ಕರೆ ಬಂತು. ಹನ್ನೊಂದು ವರ್ಷದ ಹಿಂದೆ ಒಬ್ಬನೇ ಹೋಗಲು ಒಪ್ಪದವನು ಆ ದೇಶದ ವೇದಿಕೆ ಹತ್ತಿದ್ದು ತನ್ನವರ ಜೊತೆ.

1970ರ ದಶಕದ ಕೊನೆಗೆ ವಿಲಿಯಮ್ಸ್, ಬಾರ್ನ್ಸ್ ಇಬ್ಬರೂ ಹಂಫ್ರಿ ಲಿಟಲ್ಟನ್ ತಂಡಕ್ಕೆ ಹೋದರು. ವೆಲ್ಶ್ 1982ರ ಜೂನ್‌ನಲ್ಲಿ ತೀರಿಕೊಂಡ. ಆಗಿನ್ನೂ ಐವತ್ತಮೂರು ತುಂಬಿರಲಿಲ್ಲ.