ಒಲೆ, ಹಿತ್ತಲು, ಹೆಣಿಗೆ: ಮನೆಯೊಳಗಿನ ಯುದ್ಧ

ಯುದ್ಧದ ಚರಿತ್ರೆಯೆಂದರೆ ಸೇನಾನಿಗಳ, ಕದನಗಳ, ಒಪ್ಪಂದಗಳ ಚರಿತ್ರೆ ಎಂಬ ಭಾವನೆ ಸಾಮಾನ್ಯ. ಆದರೆ ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ಮನೆಗೆಲಸವೂ ಸರ್ಕಾರದ ಯುದ್ಧತಂತ್ರದ ಒಂದು ಅಂಗವಾಗಿತ್ತು.

ಇದಕ್ಕೆ ಕಾರಣವಿತ್ತು. ಆ ದ್ವೀಪರಾಷ್ಟ್ರ ತನ್ನ ಆಹಾರದ ಹೆಚ್ಚಿನ ಪಾಲನ್ನು ಹೊರದೇಶಗಳಿಂದ ಹಡಗುಗಳಲ್ಲಿ ತರಿಸಿಕೊಳ್ಳುತ್ತಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಆ ಹಡಗುಗಳನ್ನು ಮುಳುಗಿಸತೊಡಗಿದವು. 1940ರ ಜನವರಿ 8ರಂದು ಬೆಣ್ಣೆ, ಸಕ್ಕರೆ ಮತ್ತು ಹಂದಿಮಾಂಸದ ಬೇಕನ್ ಪಡಿತರಕ್ಕೆ ಒಳಪಟ್ಟವು. ಅದೇ ಜುಲೈನಲ್ಲಿ ಚಹಾಪುಡಿಯ ಸರದಿ: ತಲೆಗೆ ವಾರಕ್ಕೆ 2 ಔನ್ಸ್, ಅಂದರೆ ಸುಮಾರು 56 ಗ್ರಾಂ.

‘ಗೆಲುವಿಗಾಗಿ ಅಗೆಯಿರಿ’ ಎಂಬುದು ಸರ್ಕಾರದ ಕರೆ. ಹೂದೋಟಗಳಲ್ಲಿ, ಹುಲ್ಲುಹಾಸುಗಳಲ್ಲಿ ಆಲೂಗಡ್ಡೆ, ಕ್ಯಾರೆಟ್, ಕೋಸು ಬೆಳೆದವು. ಲಂಡನ್ ಟವರ್ ಕೋಟೆಯ ಒಣ ಕಂದಕವೂ ತರಕಾರಿ ಮಡಿಯಾಯಿತು. ಹಿತ್ತಲಿಲ್ಲದ ಪಟ್ಟಣವಾಸಿಗಳು ಬಾಡಿಗೆಗೆ ಪಡೆದು ತರಕಾರಿ ಬೆಳೆಯುತ್ತಿದ್ದ ತುಂಡು ಜಮೀನುಗಳ ಸಂಖ್ಯೆ ಸುಮಾರು 14 ಲಕ್ಷಕ್ಕೆ ಏರಿತು.

ಬೆಳೆದದ್ದನ್ನು ಊಟವಾಗಿಸುವ ಹೊಣೆ ಗೃಹಿಣಿಯದು. ಆಹಾರ ಮಂತ್ರಿ ಲಾರ್ಡ್ ವೂಲ್ಟನ್ ಅವರ ಹೆಸರು ಹೊತ್ತ ‘ವೂಲ್ಟನ್ ಪೈ’ ಆಗ ಮನೆಮಾತಾಯಿತು. ಆಲೂಗಡ್ಡೆ, ಕ್ಯಾರೆಟ್, ಹೂಕೋಸುಗಳನ್ನು ಓಟ್ಸ್ ಜೊತೆ ಬೇಯಿಸಿ, ಮೇಲೊಂದು ಪದರ ಹೊದಿಸಿ ಸುಡುವ ಈ ತಿನಿಸಿನಲ್ಲಿ ಮಾಂಸವೇ ಇರಲಿಲ್ಲ. ಲಂಡನ್ನಿನ ಸವಾಯ್ ಹೋಟೆಲಿನ ಅಡುಗೆಮನೆಯಲ್ಲಿ ಹುಟ್ಟಿದ್ದರೂ ಅದು ಬಡವ ಬಲ್ಲಿದರೆಲ್ಲರ ತಟ್ಟೆಗೂ ಬಂತು.

1941ರ ಜೂನ್ 1ರಿಂದ ಬಟ್ಟೆಗೂ ಪಡಿತರ. ಮೊದಲ ವರ್ಷ ತಲೆಗೆ 66 ಕೂಪನ್. ಹೆಣೆಯುವ ಉಣ್ಣೆಗೂ ಕೂಪನ್ ತೆರಬೇಕಾಗಿತ್ತು. ಹೀಗಾಗಿ ಸವೆದ ಸ್ವೆಟರುಗಳನ್ನು ಬಿಚ್ಚಿ, ದಾರವನ್ನು ತೊಳೆದು ಸುಕ್ಕು ಬಿಡಿಸಿ, ಮಕ್ಕಳ ಅಳತೆಗೆ ಮತ್ತೆ ಹೆಣೆಯುವುದು ಮನೆಮನೆಯ ರೂಢಿಯಾಯಿತು. ಸೈನಿಕರಿಗೆ ಕಾಲುಚೀಲ, ಮಫ್ಲರುಗಳೂ ಅದೇ ಕೈಗಳಿಂದ ಸಿದ್ಧವಾದವು.

ಆ ಕೈಗಳಿಗೆ ಬಿಡುವಿತ್ತೇ? 1941ರ ಡಿಸೆಂಬರ್‌ನ ಕಾನೂನು 20ರಿಂದ 30 ವಯಸ್ಸಿನ ಅವಿವಾಹಿತ ಸ್ತ್ರೀಯರನ್ನು ಕಡ್ಡಾಯ ಯುದ್ಧಸೇವೆಗೆ ಕರೆಯಿತು. ವಿವಾಹಿತೆಯರೂ ಅಪಾರ ಸಂಖ್ಯೆಯಲ್ಲಿ ಕಾರ್ಖಾನೆ ಸೇರಿದರು. ಹಗಲು ಯಂತ್ರದ ಮುಂದೆ, ಸಂಜೆ ಅಂಗಡಿಯ ಸಾಲಿನಲ್ಲಿ, ರಾತ್ರಿ ಒಲೆಯ ಬಳಿ. ಮೊದಲನೆಯದಕ್ಕೆ ಕೂಲಿಯಿತ್ತು, ಉಳಿದೆರಡಕ್ಕೆ ಇರಲಿಲ್ಲ.

1945ರಲ್ಲಿ ಬಂದೂಕುಗಳು ಸುಮ್ಮನಾದರೂ ಅಡುಗೆಮನೆಗೆ ವಿರಾಮ ಸಿಗಲಿಲ್ಲ. ಯುದ್ಧಕಾಲದಲ್ಲಿ ಮುಕ್ತವಾಗಿ ಸಿಗುತ್ತಿದ್ದ ಬ್ರೆಡ್ಡಿಗೂ 1946ರಲ್ಲಿ ಪಡಿತರ ಬಂತು. ಮಾಂಸದ ಮೇಲಿನ ನಿರ್ಬಂಧ ತೆರವಾಗಿ ಆಹಾರ ಪಡಿತರ ಪೂರ್ತಿ ಕೊನೆಗೊಂಡದ್ದು 1954ರ ಜುಲೈ 4ರಂದು. ಪಠ್ಯಪುಸ್ತಕಗಳ ಪ್ರಕಾರ ಆರು ವರ್ಷ ನಡೆದ ಆ ಯುದ್ಧ, ಗೃಹಿಣಿಯರ ಲೆಕ್ಕದಲ್ಲಿ ಇನ್ನೂ ಒಂಬತ್ತು ವರ್ಷ ಮುಂದುವರಿದಿತ್ತು.