ಕೊಪ್ಪಳ ಸೀಮೆಯಲ್ಲಿ ಕಾಲೇಜು ವಿದ್ಯಾರ್ಥಿವೇತನ: ಆಡಳಿತದ ಬದಲಾದ ಸ್ವರೂಪ

ಪೀಠಿಕೆ

ಹೈದರಾಬಾದ್ ಕರ್ನಾಟಕದ ಶಿಕ್ಷಣ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಶಾಲಾ ಕಾಲೇಜುಗಳ ಸ್ಥಾಪನೆ, ಸ್ಥಾಪಕರ ತ್ಯಾಗ ಮತ್ತು ಸಾಕ್ಷರತೆಯ ಏರಿಕೆಗಳಿಗೆ ಗಮನ ಕೊಟ್ಟಿದ್ದಾರೆ. ಬಡ ವಿದ್ಯಾರ್ಥಿಯು ಕಾಲೇಜಿನಲ್ಲಿ ಉಳಿಯಲು ಬೇಕಾದ ಹಣ ಎಲ್ಲಿಂದ ಬಂತು, ಯಾರ ಕೈಯಿಂದ ದಾಟಿ ಅವನನ್ನು ತಲುಪಿತು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ನೆರವಿನ ಮೊತ್ತಕ್ಕಿಂತ ಅದನ್ನು ಹಂಚುವವರ ಕೆಲಸ ಹೇಗೆ ಬದಲಾಯಿತು ಎಂಬುದೇ ಇಲ್ಲಿನ ಮುಖ್ಯ ವಿಚಾರ.

ನಿಜಾಮ ಆಳ್ವಿಕೆಯ ಕಾಲ

1948ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಉರ್ದು. ಆದ್ದರಿಂದ ಕನ್ನಡ ಮನೆಮಾತಿನ ಹುಡುಗನಿಗೆ ಉನ್ನತ ಶಿಕ್ಷಣವೆಂದರೆ ದೂರದ ಊರಿನ ಖರ್ಚು ಒಂದು, ಬೇರೊಂದು ಭಾಷೆಯ ಭಾರ ಇನ್ನೊಂದು. ಮುಂಬಯಿ ಕರ್ನಾಟಕದಲ್ಲಿ 1906ರಲ್ಲಿ ನಿಧನರಾದ ಸಿರಸಂಗಿ ಲಿಂಗರಾಜ ದೇಸಾಯಿಯವರ ಆಸ್ತಿಯು ಟ್ರಸ್ಟ್ ಆಗಿ ವಿದ್ಯಾರ್ಥಿವೇತನದ ಮೂಲವಾಯಿತು. ಈ ಸೀಮೆಯಲ್ಲಿ ಓದುವ ಹುಡುಗನಿಗೆ ಆಸರೆಯಾದವು ಮಠಗಳ ಪ್ರಸಾದ ನಿಲಯಗಳು ಮತ್ತು ಊರ ಹಿರಿಯರ ಔದಾರ್ಯ. ಭಕ್ತರು ಕೊಟ್ಟ ಜೋಳ, ಬೇಳೆಗಳೇ ಇಲ್ಲಿ ವಿದ್ಯಾರ್ಥಿವೇತನ. ಅದನ್ನು ಪಡೆಯಲು ಅರ್ಜಿ ಬೇಕಿರಲಿಲ್ಲ. ಹುಡುಗನನ್ನು ಬಲ್ಲವರ ಮಾತು ಸಾಕಿತ್ತು. ಬಲ್ಲವರಿಲ್ಲದವನಿಗೆ ಬಾಗಿಲು ಕಾಣುತ್ತಿರಲಿಲ್ಲ ಎಂಬುದೂ ಇದೇ ಪದ್ಧತಿಯ ಇನ್ನೊಂದು ಮುಖ.

ಬ್ರಿಟಿಷ್ ಇಂಡಿಯಾದಲ್ಲಿ 1944ರಲ್ಲಿ ಪರಿಶಿಷ್ಟ ಜಾತಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ ಜಾರಿಗೆ ಬಂದಿತು. ಡಾ. ಬಿ. ಆರ್. ಅಂಬೇಡ್ಕರ್ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದ ಕಾಲವದು. ನೆರವು ಪಡೆಯುವುದು ಕೃಪೆಯಲ್ಲ, ಹಕ್ಕು ಎಂಬ ತತ್ತ್ವ ಆಡಳಿತದ ಭಾಷೆಯೊಳಗೆ ಪ್ರವೇಶಿಸಿದ್ದು ಇಲ್ಲಿಂದ. ಮುಂದೆ ಈ ಯೋಜನೆ ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು.

ಗುಮಾಸ್ತರ ಕಾಲ

1956ರ ನವೆಂಬರ್ 1ರಂದು ಈ ತಾಲ್ಲೂಕುಗಳು ರಾಯಚೂರು ಜಿಲ್ಲೆಯ ಭಾಗವಾಗಿ ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. 1963ರಲ್ಲಿ ಕೊಪ್ಪಳದ ಗವಿಮಠದ ಆಶ್ರಯದಲ್ಲಿ ಶ್ರೀ ಗವಿಸಿದ್ಧೇಶ್ವರ ಕಾಲೇಜು ಆರಂಭವಾದದ್ದು ಈ ಭಾಗದ ಶಿಕ್ಷಣದಲ್ಲಿ ಒಂದು ತಿರುವು. ಓದುವ ಊರು ಹತ್ತಿರವಾದಂತೆ ಓದಲು ಬರುವವರ ಸ್ವರೂಪವೂ ಬದಲಾಯಿತು. ಅಕ್ಷರದ ಹಿನ್ನೆಲೆಯಿಲ್ಲದ ಮನೆಗಳ ಮಕ್ಕಳು ಪದವಿ ತರಗತಿಗೆ ಕಾಲಿಟ್ಟರು. ಹೀಗೆ ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಕೆಲಸ ನೋಡುವ ಗುಮಾಸ್ತ ಮಹತ್ತ್ವದ ವ್ಯಕ್ತಿಯಾದ.

ಅರ್ಜಿ ಹಂಚುವುದು, ತಹಶೀಲ್ದಾರರ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಲಗತ್ತಿಸುವುದು, ಹಾಜರಾತಿಯನ್ನು ತಾಳೆ ನೋಡುವುದು, ಪ್ರಾಂಶುಪಾಲರ ಸಹಿ ಪಡೆದು ಜಿಲ್ಲಾ ಕಚೇರಿಗೆ ಕಳುಹಿಸುವುದು, ಮಂಜೂರಾದ ಹಣವನ್ನು ಖಜಾನೆಯಿಂದ ತಂದು ಬಟವಾಡೆ ಪಟ್ಟಿಯಲ್ಲಿ ಸಹಿ ಹಾಕಿಸಿಕೊಂಡು ಕೊಡುವುದು ಅವನ ಕೆಲಸ. ಹಣ ತಡವಾಗಿ ಬರುವುದು ಸಾಮಾನ್ಯವಾಗಿದ್ದ ದಿನಗಳಲ್ಲಿ ಶುಲ್ಕಕ್ಕೆ ಗಡುವು ವಿಸ್ತರಿಸಬೇಕೋ ಬೇಡವೋ ಎಂಬುದು ಕಚೇರಿಯ ವಿವೇಚನೆಗೆ ಸೇರಿತ್ತು. ಒಳ್ಳೆಯ ಗುಮಾಸ್ತ ಒಬ್ಬ ಹುಡುಗನ ಓದನ್ನು ಉಳಿಸಬಲ್ಲವನಾಗಿದ್ದ. ಅಸಡ್ಡೆಯವನು ಒಂದು ವರ್ಷವನ್ನೇ ಕೆಡಿಸಬಲ್ಲವನಾಗಿದ್ದ. ಎಲ್ಲರೆದುರು ಹೆಸರು ಕೂಗಿ ಹಣ ಕೊಡುವ ಕ್ರಮದಲ್ಲಿ ವಿದ್ಯಾರ್ಥಿಯ ಜಾತಿ ಬಹಿರಂಗವಾಗುತ್ತಿತ್ತು ಎಂಬುದನ್ನು ಮರೆಯಲಾಗದು.

1963ರಲ್ಲೇ ಕೇಂದ್ರ ಸರ್ಕಾರವು ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಬಡ್ಡಿಯಿಲ್ಲದ ಈ ಸಾಲವನ್ನು ಪಡೆದವರು ಶಿಕ್ಷಕ ವೃತ್ತಿಗೆ ಸೇರಿದರೆ ಸೇವೆಯ ಪ್ರತಿ ವರ್ಷಕ್ಕೆ ಹತ್ತನೇ ಒಂದು ಭಾಗ ಮನ್ನಾ ಆಗುತ್ತಿತ್ತು. ಹಂಚುವ ಕಚೇರಿಗೆ ವಸೂಲಿಯ ಹೊಣೆಯನ್ನೂ ಹೊರಿಸಿದ ಪ್ರಯೋಗವಿದು.

ನೀರು, ಭೂಮಿ ಮತ್ತು ಆದಾಯ ಪ್ರಮಾಣಪತ್ರ

1953ರಲ್ಲಿ ತುಂಗಭದ್ರಾ ಅಣೆಕಟ್ಟು ನೀರು ಹರಿಸತೊಡಗಿದ ಮೇಲೆ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ನಾಡಾಯಿತು. ಕುಷ್ಟಗಿ ಮತ್ತು ಯಲಬುರ್ಗಾ ಬಹುಮಟ್ಟಿಗೆ ಮಳೆಯಾಶ್ರಿತ ಜೋಳ, ಸಜ್ಜೆಗಳ ನಾಡಾಗಿಯೇ ಉಳಿದವು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಈ ಎರಡು ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಸಾಲಿಗೆ ಸೇರಿಸಿತು. ಈ ಅಂತರ ವಿದ್ಯಾರ್ಥಿವೇತನದ ಆಡಳಿತಕ್ಕೂ ಸಂಬಂಧಿಸಿದೆ. ಸಂಬಳದಾರನ ಆದಾಯಕ್ಕೆ ದಾಖಲೆಯುಂಟು. ಒಣಬೇಸಾಯಗಾರನ ಆದಾಯ ಮಳೆಯೊಡನೆ ಏರಿಳಿಯುತ್ತದೆ. ಗುಳೆ ಹೋಗುವ ಕೂಲಿಯವನದನ್ನು ಅಂದಾಜಿಸುವುದೇ ಕಷ್ಟ. ಆದುದರಿಂದ ಅರ್ಹತೆಯ ನಿರ್ಣಯ ವಾಸ್ತವದಲ್ಲಿ ಕಾಲೇಜಿನಲ್ಲಿ ಅಲ್ಲ, ಗ್ರಾಮಲೆಕ್ಕಿಗರ ವರದಿಯಲ್ಲಿ ನಡೆಯುತ್ತಿತ್ತು. ಸುಗ್ಗಿಗೆ ಗುಳೆ ಹೋದ ತಂದೆತಾಯಿಗಳು ಮರಳುವವರೆಗೆ ಅರ್ಜಿ ಅಪೂರ್ಣವಾಗಿ ಉಳಿಯುವುದು ಈ ಸೀಮೆಯ ಒಂದು ವಿಶೇಷ ತೊಡಕು.

ಇಲಾಖೆ ಮತ್ತು ವಸತಿ ನಿಲಯ

ಎಲ್. ಜಿ. ಹಾವನೂರ ಆಯೋಗವು 1975ರಲ್ಲಿ ವರದಿ ಸಲ್ಲಿಸಿತು. 1977ರಲ್ಲಿ ಹಿಂದುಳಿದ ವರ್ಗಗಳ ಇಲಾಖೆ ಸಮಾಜ ಕಲ್ಯಾಣ ಇಲಾಖೆಯಿಂದ ಬೇರ್ಪಟ್ಟಿತು. ಇದರೊಂದಿಗೆ ವಸತಿ ನಿಲಯಗಳ ಜಾಲ ಬೆಳೆದು ನಿಲಯ ಮೇಲ್ವಿಚಾರಕ ಎಂಬ ಹೊಸ ಆಡಳಿತಗಾರ ಮುಂದೆ ಬಂದ. ಅಕ್ಕಿಯ ಲೆಕ್ಕ, ಹಾಜರಿ ಪುಸ್ತಕ, ಪ್ರವೇಶದ ಆಯ್ಕೆ ಪಟ್ಟಿ ಅವನ ಕೈಯಲ್ಲಿದ್ದವು. ಮಠದ ಪ್ರಸಾದ ನಿಲಯದ ಕೆಲಸವೇ ಇಲ್ಲಿ ನಿಯಮಾವಳಿಯ ರೂಪ ತಾಳಿತೆನ್ನಬಹುದು. ಎರಡೂ ಜೊತೆಯಾಗಿ ಮುಂದುವರಿದಿವೆ. ನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಯ ವೆಚ್ಚಕ್ಕೆ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುವ ವಿದ್ಯಾಸಿರಿ ಯೋಜನೆ 2013-14ರಲ್ಲಿ ಬಂದಿತು. ಅದರ ನಂತರವೂ, 2022ರಲ್ಲಿ, ಗವಿಮಠವು 5,000 ವಿದ್ಯಾರ್ಥಿಗಳ ವಸತಿ ನಿಲಯದ ಸಂಕಲ್ಪ ಮಾಡಬೇಕಾಗಿ ಬಂದದ್ದು ಬೇಡಿಕೆಯ ಗಾತ್ರವನ್ನು ತಿಳಿಸುತ್ತದೆ.

1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು ಆಡಳಿತದ ದೃಷ್ಟಿಯಿಂದ ಗಮನಾರ್ಹ. ಕುಷ್ಟಗಿ, ಯಲಬುರ್ಗಾಗಳ ಕಡತಗಳಿಗೆ ರಾಯಚೂರಿನ ದಾರಿ ತಪ್ಪಿತು. ಆಕ್ಷೇಪಣೆಯೊಂದಕ್ಕೆ ಉತ್ತರಿಸಲು ಬೇಕಾಗಿದ್ದ ದಿನಗಳು ಕಡಿಮೆಯಾದವು.

ಗಣಕಯಂತ್ರದ ಕಾಲ

2001ರಲ್ಲಿ ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿ ಯೋಜನೆ ಬಂದಾಗ ವ್ಯವಸ್ಥಾಪಕರೂ ನೆರವಿನ ಆಡಳಿತಗಾರರಾದರು. ಅದಕ್ಕಿಂತ ದೊಡ್ಡ ಬದಲಾವಣೆ 2013ರಲ್ಲಿ ಕೇಂದ್ರವು ಆರಂಭಿಸಿದ ನೇರ ನಗದು ವರ್ಗಾವಣೆ ಮತ್ತು 2019-20ರ ಸುಮಾರಿಗೆ ರೂಪುಗೊಂಡ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದಿಂದ ಆಯಿತು. ಪ್ರಮಾಣಪತ್ರದ ಸಂಖ್ಯೆ, ಆಧಾರ್, ಬ್ಯಾಂಕ್ ಖಾತೆಗಳ ಜೋಡಣೆಯಿಂದ ಬಟವಾಡೆ ಪಟ್ಟಿ ಅನಗತ್ಯವಾಯಿತು. 2021ರ ರೈತ ವಿದ್ಯಾನಿಧಿಯಡಿ ಪದವಿ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿಯಾದಾಗ ರೈತರ ಭೂದಾಖಲೆಯೇ ಅರ್ಹತೆಯ ಆಧಾರವಾಯಿತು. ಹೊಲವಿಲ್ಲದ ಕೂಲಿಯವರ ಮಕ್ಕಳು ಆರಂಭದಲ್ಲಿ ಇದರ ಹೊರಗುಳಿದದ್ದು ಸಹಜ.

ಈ ಬದಲಾವಣೆಯ ಲಾಭ ಸ್ಪಷ್ಟ. ಹಣ ಕೈಯಿಂದ ಕೈಗೆ ದಾಟುವಾಗಿನ ಸೋರಿಕೆ ಮತ್ತು ಬಹಿರಂಗ ಅವಮಾನಗಳು ಬಹಳಷ್ಟು ತಗ್ಗಿದವು. ಆದರೆ ಗುಮಾಸ್ತನ ಕೆಲಸ ಮುಗಿಯಲಿಲ್ಲ, ರೂಪ ಬದಲಿಸಿತು. ಹಣ ಕೊಡುತ್ತಿದ್ದವನು ದಾಖಲೆಗಳನ್ನು ದೃಢೀಕರಿಸುವವನಾದ. ಅಂಕಪಟ್ಟಿಯ ಹೆಸರಿಗೂ ಆಧಾರ್‌ನ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿದ್ದರೆ ಅರ್ಜಿ ನಿಲ್ಲುತ್ತದೆ. ತಪ್ಪನ್ನು ಕಣ್ಣಾರೆ ಕಂಡರೂ ತಿದ್ದುವ ಅಧಿಕಾರ ಅವನಿಗಿಲ್ಲ. ಅರ್ಜಿ ತುಂಬುವ ಕೆಲಸ ಬಸ್ ನಿಲ್ದಾಣದ ಬಳಿಯ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ, ಶುಲ್ಕ ಪಡೆಯುವ ಹೊಸ ಮಧ್ಯವರ್ತಿ ಹುಟ್ಟಿದ. ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನವನ್ನು 2020ರ ಡಿಸೆಂಬರಿನಲ್ಲಿ ಪರಿಷ್ಕರಿಸಿ ಕೇಂದ್ರ, ರಾಜ್ಯಗಳ ಪಾಲನ್ನು 60:40 ಎಂದು ಗೊತ್ತುಪಡಿಸಲಾಯಿತು. ಶುಲ್ಕದ ಹಣವೂ ವಿದ್ಯಾರ್ಥಿಯ ಖಾತೆಗೇ ಸೇರಬೇಕೆಂದಾಯಿತು. ಇದರಿಂದ ಹಣ ತಡವಾದರೆ ಕಾಲೇಜಿಗೆ ಬಾಕಿದಾರನಾಗುವವನು ಸರ್ಕಾರವಲ್ಲ, ವಿದ್ಯಾರ್ಥಿಯೇ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕಂಡುಬರುವುದೇನೆಂದರೆ, ವಿವೇಚನೆಯ ಅಧಿಕಾರ ಈ ಎಂಟು ದಶಕಗಳಲ್ಲಿ ಮಠದ ಪರಿಚಯಸ್ಥರಿಂದ ಗುಮಾಸ್ತನಿಗೆ, ಅಲ್ಲಿಂದ ಇಲಾಖೆಗೆ, ಕೊನೆಗೆ ತಂತ್ರಾಂಶಕ್ಕೆ ಸರಿಯಿತು. ಪ್ರತಿ ಹಂತದಲ್ಲೂ ಪಕ್ಷಪಾತ ತಗ್ಗಿತು. ಜೊತೆಗೆ ಅಹವಾಲು ಕೇಳುವ ಕಿವಿಯೂ ದೂರವಾಯಿತು. ನಿಯಮದ ಸಮಾನತೆಯೊಡನೆ ಮನುಷ್ಯನ ತಿಳಿವಳಿಕೆಯನ್ನು ಹೇಗೆ ಕೂಡಿಸಬೇಕು ಎಂಬುದು ಇನ್ನೂ ಬಗೆಹರಿಯದ ಸಮಸ್ಯೆ.

ಇನ್ನೊಂದು ವಿಷಯ ಸಂಶೋಧಕರ ತುರ್ತು ಗಮನಕ್ಕೆ ಬರಬೇಕು. ಹಳೆಯ ಬಟವಾಡೆ ಪಟ್ಟಿಗಳಲ್ಲಿ ವಿದ್ಯಾರ್ಥಿಯ ಹೆಸರು, ಊರು, ತಂದೆಯ ಕಸುಬು ಮತ್ತು ಅವನದೇ ಕೈಬರಹದ ಸಹಿ ಇವೆ. ಈ ಸೀಮೆಯ ಅನೇಕ ಮನೆತನಗಳಲ್ಲಿ ಅಕ್ಷರ ಕಲಿತ ಮೊದಲ ತಲೆಮಾರಿಗೆ ಇದಕ್ಕಿಂತ ನಿಖರವಾದ ದಾಖಲೆ ಸಿಗುವುದು ದುರ್ಲಭ. ಲೆಕ್ಕಪರಿಶೋಧನೆ ಮುಗಿದು ಅವಧಿ ಕಳೆದ ಕಡತಗಳನ್ನು ವಿಲೇವಾರಿ ಮಾಡುವುದು ಕಚೇರಿಗಳ ಕ್ರಮ. 2023ರಲ್ಲಿ ಕಾರ್ಯಾರಂಭ ಮಾಡಿದ ಕೊಪ್ಪಳ ವಿಶ್ವವಿದ್ಯಾಲಯ, ಜಿಲ್ಲೆಯ ಕಾಲೇಜುಗಳು ಹಾಗೂ ಪತ್ರಾಗಾರ ಇಲಾಖೆ ಸೇರಿ ಅವುಗಳನ್ನು ಸಂಗ್ರಹಿಸಿ ರಕ್ಷಿಸದಿದ್ದರೆ, ಈ ನಾಡಿನ ಸಾಮಾನ್ಯರ ಶಿಕ್ಷಣ ಚರಿತ್ರೆಯನ್ನು ಮುಂದಿನವರು ಸರ್ಕಾರಿ ಅಂಕಿಅಂಶಗಳಿಂದಷ್ಟೇ ಬರೆಯಬೇಕಾದೀತು.