ಜಡವೆನಿಸಿಕೊಂಡ ಅನಿಲಗಳು

ಆರ್ಗಾನ್ ಎಂಬ ಹೆಸರು ಗ್ರೀಕ್ ಭಾಷೆಯಿಂದ ಬಂದದ್ದು. ಸೋಮಾರಿ ಎಂದು ಅದರ ಅರ್ಥ. 1894ರಲ್ಲಿ ರ‍್ಯಾಲೆ ಮತ್ತು ವಿಲಿಯಂ ರ‍್ಯಾಮ್ಸೆ ಈ ಅನಿಲವನ್ನು ಗಾಳಿಯಿಂದ ಬೇರ್ಪಡಿಸಿದರು. ಅದು ಯಾವ ಧಾತುವಿನೊಡನೆಯೂ ಕೂಡಲೊಲ್ಲದು. ಫ್ಲೂರೀನನ್ನು ಮೊದಲು ಪಡೆದಿದ್ದ ಪ್ಯಾರಿಸ್ಸಿನ ಮ್ವಾಸಾನನಿಗೆ ರ‍್ಯಾಮ್ಸೆ ಸ್ವಲ್ಪ ಆರ್ಗಾನ್ ಕಳುಹಿಸಿಕೊಟ್ಟ. ಫ್ಲೂರೀನಿನಷ್ಟು ಉಗ್ರವಾದ ಧಾತು ಬೇರೊಂದಿಲ್ಲ. ವಿದ್ಯುತ್ತಿನ ಕಿಡಿ ಹಾಯಿಸಿದರೂ ಆರ್ಗಾನ್ ಜಗ್ಗಲಿಲ್ಲ.

1898ರಲ್ಲಿ ರ‍್ಯಾಮ್ಸೆ ಮತ್ತು ಟ್ರಾವರ್ಸ್ ಅದೇ ಕುಟುಂಬದ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಕಂಡುಹಿಡಿದರು. (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ಇದೇ ಟ್ರಾವರ್ಸ್, ಸಂಸ್ಥೆಗೆ ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದವನು ರ‍್ಯಾಮ್ಸೆ.) ಆರ್ಗಾನಿನ ಮೇಲೆ ಬಿದ್ದ ತೀರ್ಪು, ಪರೀಕ್ಷೆಗೆ ಸಿಗುವ ಮೊದಲೇ ಈ ತಮ್ಮಂದಿರಿಗೂ ಅನ್ವಯವಾಯಿತು. ಹೊರಕವಚದಲ್ಲಿ ಎಲೆಕ್ಟ್ರಾನುಗಳು ತುಂಬಿರುವ ಪರಮಾಣುವಿಗೆ ಕೊಡು-ಕೊಳ್ಳುವ ಗೊಡವೆಯೇ ಇಲ್ಲವೆಂದು ಸಿದ್ಧಾಂತವೂ ಮುದ್ರೆಯೊತ್ತಿತು. ಕ್ಸೆನಾನ್ ಫ್ಲೂರೀನಿನೊಡನೆ ಕೂಡೀತೆಂದು 1933ರಲ್ಲಿ ಪೌಲಿಂಗ್ ಊಹಿಸಿದ. ಕ್ಯಾಲಿಫೋರ್ನಿಯದ ಯೋಸ್ಟ್ ಮತ್ತು ಕೇ ಪ್ರಯತ್ನಿಸಿ ಸೋತರು. ಮುಂದೆ ಸುಮಾರು ಮೂವತ್ತು ವರ್ಷ ಆ ದಾರಿಯಲ್ಲಿ ನಡೆದವರು ವಿರಳ.

ಕೆನಡಾದ ವ್ಯಾಂಕೂವರಿನಲ್ಲಿದ್ದ ನೀಲ್ ಬಾರ್ಟ್ಲೆಟ್ ಪ್ಲಾಟಿನಂ ಹೆಕ್ಸಾಫ್ಲೂರೈಡ್ ಎಂಬ ಕೆಂಪು ಅನಿಲವು ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನನ್ನು ಕಿತ್ತುಕೊಳ್ಳುವುದನ್ನು ಕಂಡುಕೊಂಡಿದ್ದ. ಹಾಗೆ ಕೀಳಲು ಬೇಕಾದ ಶಕ್ತಿ 12.07 ಎಲೆಕ್ಟ್ರಾನ್ ವೋಲ್ಟ್. ಕ್ಸೆನಾನಿಗೆ ಬೇಕಾದದ್ದು 12.13. ಎರಡು ಅಂಕಿಗಳೂ ಪುಸ್ತಕಗಳಲ್ಲಿ ಇದ್ದವೇ. ಅಕ್ಕಪಕ್ಕದಲ್ಲಿಟ್ಟು ನೋಡುವ ಕಣ್ಣು ಬೇಕಾಗಿತ್ತು, ಅಷ್ಟೆ. 1962ರ ಮಾರ್ಚ್ 23, ಶುಕ್ರವಾರ ಸಂಜೆ, ಇಪ್ಪತ್ತೊಂಬತ್ತರ ಆ ತರುಣ ಎರಡು ಅನಿಲಗಳ ನಡುವಿನ ಗಾಜಿನ ತಡೆಯನ್ನು ಮುರಿದ. ಕೆಂಪು ಕರಗಿ ಹಳದಿಯ ಘನವಸ್ತುವೊಂದು ಕ್ಷಣದಲ್ಲಿ ಕಾಣಿಸಿಕೊಂಡಿತು. ಸಹೋದ್ಯೋಗಿಗಳು ಮನೆಗೆ ಹೋಗಿಬಿಟ್ಟಿದ್ದರು. ಕರೆದು ತೋರಿಸೋಣವೆಂದರೆ ಯಾರೂ ಇಲ್ಲ! ಆ ಹಳದಿ ವಸ್ತು ಅವನೆಣಿಸಿದಷ್ಟು ಸರಳವಾದ ಸಂಯುಕ್ತವಲ್ಲವೆಂದು ಆಮೇಲೆ ತಿಳಿದುಬಂದಿತು. ಆದರೆ ಕ್ಸೆನಾನ್ ಕೂಡಿತ್ತೆಂಬುದು ನಿಜ.

ಅದೇ ವರ್ಷ ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯವರು (ಈ ಹೆಸರಿಗೂ ಅನಿಲಕ್ಕೂ ನಂಟಿಲ್ಲ) ಕ್ಸೆನಾನ್ ಮತ್ತು ಫ್ಲೂರೀನನ್ನು ನಿಕ್ಕಲ್ ಪಾತ್ರೆಯಲ್ಲಿ 400 ಡಿಗ್ರಿಗೆ ಕಾಯಿಸಿ ಬಿಳಿಯ ಹರಳುಗಳನ್ನು ಪಡೆದರು. ಇನ್ನು ಕೆಲವು ವರ್ಷಗಳಲ್ಲಿ ಅಷ್ಟು ಕಾವೂ ಬೇಡವೆಂದಾಯಿತು: ಗಾಜಿನ ಬುರುಡೆಯಲ್ಲಿ ಎರಡನ್ನೂ ತುಂಬಿ ಬಿಸಿಲಿಗಿಟ್ಟರೆ ಸಾಕು, ಕ್ಸೆನಾನ್ ಡೈಫ್ಲೂರೈಡಿನ ಹರಳು ಕಟ್ಟುತ್ತದೆ. ಯೋಸ್ಟ್ ಮತ್ತು ಕೇ ಬಳಸಿದ್ದು ವಿದ್ಯುತ್ತನ್ನು. ಅವರ ಕೈಯಲ್ಲಿದ್ದ ಕ್ಸೆನಾನೂ ಅತ್ಯಲ್ಪ.

ಕಡೆಗೆ ಆರ್ಗಾನೂ ಮಣಿಯಿತು. 2000ದಲ್ಲಿ ಹೆಲ್ಸಿಂಕಿಯ ವಿಜ್ಞಾನಿಗಳು ಅದನ್ನು ಜಲಜನಕ, ಫ್ಲೂರೀನುಗಳೊಡನೆ ಒಂದೇ ಅಣುವಾಗಿ ಬೆಸೆದರು. ಆ ಅಣು ಉಳಿಯುವುದು ಅತಿಶೀತದಲ್ಲಿ ಮಾತ್ರ. ತುಸು ಬಿಸಿ ತಾಕಿದರೂ ಒಡೆದು ಚದುರುತ್ತದೆ.